ಅಕ್ಕ ಹೊಲಿದ ಹೊದಿಕೆ

ಮೇಸ್ತ್ರಿಗಿರಿ ಭಾವನಿಗೆ ಹೋಯಿತು. ಇವನೂ ಭಾವನೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಎತ್ತರದ ಕಟ್ಟಡಗಳ ಗಾಜು ಒರೆಸುತ್ತ ಅಕ್ಕಪಕ್ಕದಲ್ಲೇ ತೂಗಾಡಿದವರು. ಅವನನ್ನು ಅಕ್ಕನಿಗೆ ತೋರಿಸಿದ್ದೂ ಇವನೇ. ಮಂಡಿ ಸವೆದ ಹಳೆಯ ಮೇಸ್ತ್ರಿ ತಿಂಗಳ ಕೊನೆಗೆ ಕೆಲಸ ಬಿಡುವೆನೆಂದು ಹೇಳಿ ಕೈ ಇಟ್ಟದ್ದು ಮಾತ್ರ ಭಾವನ ಹೆಗಲ ಮೇಲೆ.

“ನಿಂಗೇನಪ್ಪಾ,” ಎಂದ ಬಕೆಟ್ ತುಂಬುವವನು. “ಇನ್ಮೇಲೆ ನೆರಳಿರೋ ಗೋಡೆಯೆಲ್ಲ ಭಾವಮೈದಂಗೇ.”

ಇವನು ನಕ್ಕ. ತೂಗಿ ನೋಡುವುದು ಅಂದೇ ಶುರುವಾಯಿತು.

ಮೇಸ್ತ್ರಿಗಿರಿ ಬೇಕು, ಅಕ್ಕ ಅಳಬಾರದು. ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ಖಚಿತವಾದಾಗ ಅಕ್ಕನ ಅಳುವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಕೊಂಡ. ಮೊದಲು, ವರ್ಷವಿಡೀ ಅಳುತ್ತಾಳೆ ಎಂದುಕೊಂಡಿದ್ದ. ವಾರ ಕಳೆಯುವ ಹೊತ್ತಿಗೆ ಅದು ತಿಂಗಳಿಗೆ ಇಳಿದಿತ್ತು. ಆಮೇಲೆ ತಾನಿದ್ದೇನಲ್ಲ, ಮೇಸ್ತ್ರಿಯ ಸಂಬಳದಲ್ಲಿ ಸಾಕುತ್ತೇನೆ.

ಇನ್ನು ಅವಸರಕ್ಕೂ ಎಚ್ಚರಕ್ಕೂ ಜಗಳ. ಭಾವನನ್ನು ಈಗಲೇ ಮುಗಿಸಿದರೆ ಮಾಲೀಕ ಹೊರಗಿನವನನ್ನು ತಂದಾನು. ಪಟ್ಟಕ್ಕೇರಿದ ಮೊದಲ ದಿನವೇ ಭಾವ ಸತ್ತರೆ, ದುಃಖದಲ್ಲಿರುವ ಭಾವಮೈದನನ್ನು ದಾಟಿ ಇನ್ನೊಬ್ಬನಿಗೆ ಕೊಡುವ ಕಲ್ಲೆದೆ ಯಾರಿಗಿದೆ? ಎಚ್ಚರ ಗೆದ್ದಿತು.

ಹಗ್ಗಗಳೆಲ್ಲ ಒಂದೇ ಬಣ್ಣ. ಚಾವಣಿಯ ಟ್ಯಾಂಕಿನ ಹಿಂದೆ ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ಉಜ್ಜಿ ಸವೆಸದಿರಲೆಂದು ಭಾವನ ಹಗ್ಗಕ್ಕೆ ಮಾತ್ರ ಅಕ್ಕ ದಪ್ಪಬಟ್ಟೆಯ ಹೊದಿಕೆ ಹೊಲಿದಿದ್ದಳು. ಅದರೊಳಗೆ ಯಾರೂ ಇಣುಕುವುದಿಲ್ಲ. ಭಾನುವಾರ ರಾತ್ರಿ ಇವನು ಹೊಲಿಗೆ ಬಿಚ್ಚಿದ. ಆಳು ಕೆಲಹೊತ್ತು ತೂಗಾಡಿದ ಮೇಲೆ ಹರಿಯುವಷ್ಟು ಎಳೆಗಳನ್ನು ಕೊಯ್ದ. ಅಕ್ಕನ ಡಬ್ಬಿಯ ದಾರದಿಂದಲೇ ಮತ್ತೆ ಹೊಲಿದ, ಅವಳ ಕೈಯಂತೆ ತುಸು ಓರೆಯಾಗಿ. ಒಂದು ಕ್ಷಣ ತನ್ನ ಹೊಲಿಗೆಯನ್ನು ತಾನೇ ಮೆಚ್ಚಿಕೊಂಡ.

ಸೋಮವಾರ, ಮೇಸ್ತ್ರಿಯಾದ ಮೊದಲ ಬೆಳಿಗ್ಗೆ, ಭಾವ ಟ್ಯಾಂಕಿನ ಹಿಂದೆ ಹಗ್ಗ ಕಟ್ಟುತ್ತಿದ್ದ. ಕಟ್ಟುವುದು ಮೇಸ್ತ್ರಿಯ ಕೆಲಸ. “ನೀನು ಇಳೀತಿರು,” ಎಂದು ಅಲ್ಲಿಂದಲೇ ಕೂಗಿದ. ಇವನು ಅಂಚಿನಿಂದ ಜೋತಿದ್ದ ಹಗ್ಗವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಇಳಿದ. ಒಂದು ಗಾಜು ಒರೆಸಿದ, ಇನ್ನೊಂದನ್ನೂ ಒರೆಸಿದ. ಪಕ್ಕದ ಜಾಗ ಖಾಲಿಯೇ ಇತ್ತು.

“ಭಾವಾ, ಬರಲ್ವಾ?”

ಮೇಲಿನ ಅಂಚಿನಲ್ಲಿ ಭಾವನ ತಲೆ ಕಾಣಿಸಿತು. “ಮೇಸ್ತ್ರಿ ಆದೋನು ಹಗ್ಗಕ್ಕೆ ಇಳಿಯಂಗಿಲ್ವಲ್ಲೋ. ಮೇಲೇ ನಿಲ್ಬೇಕು. ಹಳೇ ಮೇಸ್ತ್ರಿ ನಿಂತಿರ್ಲಿಲ್ವಾ?” ಅದು ಮಂಡಿನೋವಿಗೆ ಎಂದೇ ಇವನು ಇಷ್ಟು ವರ್ಷ ತಿಳಿದಿದ್ದ. “ಇನ್ನು ನಂಗ್ಯಾಕೆ ಅಂತ ನನ್ನ ಹಗ್ಗಾನೇ ನಿಂಗೆ ಕಟ್ಟಿದೀನಿ. ನಿಮ್ಮಕ್ಕ ಹೇಳಿದ್ಲು, ಹೊದಿಕೆ ಇರೋದು ತಮ್ಮಂಗೇ ಇರ್ಲಿ ಅಂತ.”