ಎಲ್‌ವುಡ್‌ನ ಕೊನೆಯ ಬಾತು

ಚೆಸಾಪೀಕ್ ಕೊಲ್ಲಿಯ ದಡದ ನಮ್ಮ ಊರಿನಲ್ಲಿ, ಕೈಕೆಲಸದ ಸಾಮಾನುಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಹಿನ್ನೆಲೆ ಅಳಿಸಿ, ಆನ್‌ಲೈನ್ ಅಂಗಡಿಗೆ ಹಾಕಿಕೊಡುವವಳು ನಾನು. ಒಂದು ಮಧ್ಯಾಹ್ನ ಪಕ್ಕದ ಮನೆಯ ಓಡೆಟ್ ಮರದ ಬಾತುಕೋಳಿಯೊಂದನ್ನು ತಂದಳು. ನೀರಿನಲ್ಲಿ ತೇಲಿಬಿಟ್ಟು ನಿಜವಾದ ಬಾತುಗಳನ್ನು ಸೆಳೆಯಲೆಂದು ಅವಳ ಗಂಡ ಎಲ್‌ವುಡ್ ಕೆತ್ತಿದ್ದವುಗಳಲ್ಲಿ ಅದೇ ಕೊನೆಯದು. ಬೇಟೆಗೆ ಹೋದ ಅವನ ದೋಣಿ ಮರಳಿರಲಿಲ್ಲ.

“ಇದೊಂದು ಮಾರಿಹೋದ್ರೆ ತಂಗಿ ಮನೆಗೆ ಹೊರಟುಬಿಡ್ತೀನಿ ಕಣೆ. ಇದು ಇರೋವರೆಗೂ ಅವನಿಗೆ ಕಾಯೋದು ಬಿಡಕ್ಕಾಗಲ್ಲ.”

ಬಾತನ್ನು ಮೇಜಿನ ಮೇಲಿಟ್ಟು ಚಿತ್ರ ತೆಗೆದು ಹಿನ್ನೆಲೆ ಅಳಿಸಿದೆ. ಮೇಜು, ಗೋಡೆ ಎಲ್ಲ ಹೋಗಿ ಬಿಳಿಯಾಯಿತು. ಬಾತಿನ ಸುತ್ತ ಮಾತ್ರ ನೀರಿನ ಉಂಗುರವೊಂದು ಉಳಿಯಿತು.

“ಕನ್ನಡಕ ಒರೆಸ್ಕೊ ಮುದುಕಿ, ಅದು ನೆರಳು,” ಎಂದಳು ಓಡೆಟ್.

ಇನ್ನೊಮ್ಮೆ ತೆಗೆದೆ. ಈ ಸಲ ಚಿತ್ರದಲ್ಲಿ ಬಾತು ಓರೆಯಾಗಿತ್ತು. ಅದರ ಹೊಟ್ಟೆಯಿಂದ ದಾರವೊಂದು ಬಿಗಿಯಾಗಿ ಮೇಲಕ್ಕೆ ಹೋಗಿತ್ತು. ಮೇಜಿನ ಮೇಲಿದ್ದ ಬಾತಿಗೆ ದಾರವೇ ಇರಲಿಲ್ಲ. ಕೋಣೆಯಲ್ಲಿ ಉಪ್ಪುನೀರಿನ ವಾಸನೆ ಬಂತು. ನನ್ನ ಬೆರಳುಗಳು ಚಳಿಗೆ ಮರಗಟ್ಟಿದವು.

ಓಡೆಟ್‌ಳ ದನಿ ಇಳಿಯಿತು. “ಬೇಟೆ ಮುಗಿಸಿ ಮನೆಗೆ ಹೊರಡೋವಾಗ ಹಿಂಗೇ ದಾರ ಹಿಡಿದು, ಒಂದೊಂದೇ ಬಾತು ದೋಣಿಗೆ ಎತ್ಕೋತಿದ್ದ. ಇನ್ನೊಂದು ತೆಗಿ.”

ತೆಗೆದು ಹಿನ್ನೆಲೆ ಅಳಿಸಿದೆ. ಬಿಳಿ ಬಿಟ್ಟು ಏನೂ ಉಳಿಯಲಿಲ್ಲ. ಬಾತು ಮೇಜಿನ ಮೇಲೇ ಇತ್ತು. ನಾವಿಬ್ಬರೂ ಪ್ರಾರ್ಥನೆಗೆ ನಿಂತವರಂತೆ ನಿಂತೆವು.

“ಎತ್ಕೊಂಡ,” ಎಂದಳು ಓಡೆಟ್. ಮರುದಿನ ತಂಗಿಯ ಮನೆಗೆ ಹೊರಟುಹೋದಳು.

ಬಾತು ನನ್ನ ಬಳಿಯೇ ಇದೆ. ಯಾರು ಯಾವ ಕ್ಯಾಮೆರಾದಲ್ಲಿ ಚಿತ್ರ ತೆಗೆದರೂ ಬರೀ ಮೇಜು ಬರುತ್ತದೆ.