ಮಂಜುಗಡ್ಡೆಗೆ ತೊಡಿಸಿದ ಸ್ವೆಟರ್

ಆಟದ ಬಿಡುವು ಮುಗಿಸಿ ಮಕ್ಕಳು ಒಳಗೆ ಬಂದಾಗ ಮೇಜಿನ ಮೇಲೆ ಒಂದೇ ಮಂಜುಗಡ್ಡೆ ಇತ್ತು. ಒಂದನೇ ತರಗತಿಯ ಟೀಚರ್ ಗುನ್ವೋರ್ ಬೆಳಿಗ್ಗೆ ಎರಡು ಇಟ್ಟಿದ್ದಳು. ಒಂದು ಬರಿಮೈಯದು, ಇನ್ನೊಂದಕ್ಕೆ ಉಣ್ಣೆಯ ಸ್ವೆಟರ್. ಯಾವುದು ಮೊದಲು ಕರಗೀತು ಎಂಬುದು ಆ ದಿನದ ಪಾಠ. ಸ್ವೆಟರ್ ತೊಟ್ಟದ್ದಕ್ಕೆ ಮಕ್ಕಳು ಅಜ್ಜ ಎಂದು ಹೆಸರಿಟ್ಟಿದ್ದರು. ಈಗ ಅಜ್ಜನಿಲ್ಲ, ಸ್ವೆಟರ್ ಮಾತ್ರ ಕುರ್ಚಿಯ ಬೆನ್ನಿಗೆ ಒಪ್ಪವಾಗಿ ತೂಗುತ್ತಿತ್ತು.

"ಎಸ್ಕಿಲ್, ಎಲ್ಲಿಟ್ಟೆ?" ಎಂದುಬಿಟ್ಟಳು ಗುನ್ವೋರ್. ಹೋದ ವಾರ ಅಯಸ್ಕಾಂತ ಮುರಿದವನು ಅವನು. ಇವತ್ತು ಕೊನೆಗೆ ಹೊರಗೆ ಬಂದವನೂ ಅವನೇ.

"ಮತ್ತೆ ಇವ್ನೇ!" ಎಂದು ಯಾರೋ ಕಿಸಕ್ಕೆಂದರು. ಎಸ್ಕಿಲ್ ಕೋಟು ತೂಗುಹಾಕುವ ಕೋಣೆಗೆ ಹೋಗಿ ಬೆಂಚಿನಡಿ ನುಸುಳಿದ. ಊಟಕ್ಕೂ ಏಳಲಿಲ್ಲ. ತರಗತಿಯಲ್ಲಿ ಅವನು ಬಾಯಿ ತೆರೆದದ್ದೇ ಕ್ರಿಸ್‌ಮಸ್ ಕಳೆದ ಮೇಲೆ. ಒಂದು ಮಾತಿನಿಂದ ಆ ಬಾಯಿಯನ್ನು ತಾನೇ ಮುಚ್ಚಿಸಿದೆನೇ ಎಂಬ ಯೋಚನೆ ಗುನ್ವೋರಳನ್ನು ಬಿಡಲಿಲ್ಲ.

ಅಂದು ಕತೆ ಓದಲು ಬಂದಿದ್ದವಳು ನಿವೃತ್ತ ಮುಖ್ಯೋಪಾಧ್ಯಾಯಿನಿ ತೂರ್ಬೋರ್ಗ್. ಉತ್ತರ ನಾರ್ವೆಯ ಆ ಪುಟ್ಟ ಊರಿನಲ್ಲಿ ಏನು ಕಳೆದರೂ ಜನ ಮೊದಲು ಕರೆಯುತ್ತಿದ್ದುದು ಅವಳನ್ನೇ.

"ತಪ್ಪು ಮಾಡಿದ್ನೇನೋ ಅನ್ನಿಸ್ತಿದೆ," ಎಂದಳು ಗುನ್ವೋರ್.

"ಅನ್ನಿಸಿದ್ರೆ ಮಾಡಿರ್ತೀಯ. ಬಾ."

ತೂರ್ಬೋರ್ಗ್ ಬಟ್ಟೆ ಒಣಗಿಸುವ ಬೀರು ತೆರೆದು ಕೈಗವಸುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹಿಮದಲ್ಲಿ ಆಡಿ ಎಲ್ಲವೂ ತೊಪ್ಪೆಯಾಗಿದ್ದವು, ಎಸ್ಕಿಲ್‌ನದೂ. ಒಂದು ಜೊತೆ ಮಾತ್ರ ಒದ್ದೆಯೇ ಆಗಿರಲಿಲ್ಲ. ಆಮೇಲೆ ಊಟದ ಮೇಜಿನತ್ತ ನೋಡಿದಳು. ಸುನ್ನಿವಾ ಎಂಬ ಹುಡುಗಿ ಡಬ್ಬಿ ತೆರೆಯದೆ ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಳು.

ಎಲ್ಲರನ್ನೂ ಕೋಟಿನ ಕೋಣೆಯಲ್ಲೇ, ಎಸ್ಕಿಲ್‌ಗೂ ಕೇಳಿಸುವಂತೆ, ಸುತ್ತ ಕೂರಿಸಿದಳು ತೂರ್ಬೋರ್ಗ್.

"ಕೊನೆಗೆ ಹೋದೋನೇ ಕಳ್ಳ ಅಂದ್ರೆ ನಾಳೆಯಿಂದ ಬಾಗಿಲು ಮುಚ್ಚೋಕೆ ಯಾರೂ ಉಳಿಯಲ್ಲ. ಕದಿಯೋರು ಸ್ವೆಟರನ್ನ ಒಪ್ಪವಾಗಿ ತೂಗುಹಾಕ್ತಾರಾ? ಅಜ್ಜನ ಮೇಲೆ ಪ್ರೀತಿ ಇದ್ದೋರ ಕೆಲಸ ಇದು. ಈ ಚಳೀಲಿ ಕೈಗವಸು ಜೇಬಲ್ಲಿಟ್ಟು ಬರಿಗೈಲಿ ಮಂಜುಗಡ್ಡೆ ಹೊರೋರು ಯಾರು? ಕೈಗವಸಿಗೇ ಹೆದರೋರು. ಅದೂ ಉಣ್ಣೇದೇ ಅಲ್ವಾ, ಸುನ್ನಿವಾ?"

ಸುನ್ನಿವಾ ಬಿಕ್ಕಿದಳು. "ಉಣ್ಣೆಯಿಂದ ಅಜ್ಜಂಗೆ ಸೆಕೆ ಆಗ್ತಿತ್ತು. ಕರಗಿ ಸತ್ತೋಗ್ತಿದ್ದ. ಉಯ್ಯಾಲೆ ಹಿಂದೆ ಹಿಮದಲ್ಲಿ ಮಲಗಿಸಿದೀನಿ."

"ಉಣ್ಣೆ ಬಿಸಿ ಮಾಡ್ತದೆ ಅಂದೋರು ಯಾರು, ಪುಟ್ಟಿ?" ಎಂದಳು ತೂರ್ಬೋರ್ಗ್.

"ಗುನ್ವೋರ್ ಟೀಚರ್! ದಿನಾ ಬಾಗಿಲ ಹತ್ರ ಹೇಳ್ತಾರಲ್ಲ, 'ಉಣ್ಣೆ ಹಾಕ್ಕೊಳ್ಳಿ, ಉಣ್ಣೆ ಬಿಸಿ ಕೊಡ್ತದೆ' ಅಂತ."

ಗುನ್ವೋರಳ ಮುಖ ಕೆಂಪಾಯಿತು. ಅಮ್ಮ ಹೇಳುತ್ತಿದ್ದ ಮಾತು; ಯೋಚಿಸದೆ ತಾನೂ ಹೇಳುತ್ತ ಬಂದಿದ್ದಳು.

"ಬಿಸಿ ನಮ್ಮ ಮೈದು, ಸುನ್ನಿವಾ. ಉಣ್ಣೆ ಅದನ್ನ ಹೊರಗೆ ಬಿಡಲ್ಲ, ಅಷ್ಟೇ. ಅಜ್ಜಂಗೆ ಕೋಣೆಯ ಬಿಸಿ ತಾಗದ ಹಾಗೆ ತಡೀತಿತ್ತು. ನಾನು ಹೇಳ್ತಿದ್ದದ್ದು ತಪ್ಪು."

ಆಮೇಲೆ ಅವಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಬೆಂಚಿನಡಿ ನೋಡಿದಳು. "ನಿನಗೆ ಅಂದಿದ್ದೂ ತಪ್ಪು, ಎಸ್ಕಿಲ್. ಎಲ್ಲರೆದುರು ಅಂದೆ, ಎಲ್ಲರೆದುರೇ ಹೇಳ್ತಿದೀನಿ. ನೀನು ತೆಗೆದಿರಲಿಲ್ಲ."

ಎಸ್ಕಿಲ್ ಅವಳತ್ತ ಹೊರಳಿದ. ಆಮೇಲೆ ಸಣ್ಣ ದನಿ. "ನಾನು ನೋಡಿದ್ದೆ ಅವಳನ್ನ."

"ಮತ್ತೆ ಹೇಳಬಾರದಿತ್ತೇನೋ?"

"ಅವಳು ಅಳ್ತಿದ್ಲು. ನಾನು ಬಾಗಿಲು ತೆಗೆದು ಹಿಡ್ಕೊಂಡೆ."

ತೂರ್ಬೋರ್ಗ್‌ಗೂ ಇದು ಹೊಳೆದಿರಲಿಲ್ಲ. ಗುನ್ವೋರ್ ಏಳಲಿಲ್ಲ. ಅವನೇ ತೆವಳಿಕೊಂಡು ಹೊರಬರುವವರೆಗೆ ಅಲ್ಲೇ ಮಲಗಿದ್ದಳು.