ಮೂರನೇ ಪ್ರಶ್ನೆಗೆ ಇಪ್ಪತ್ತು ಸೆಕೆಂಡ್

"ಏ ವಟವಟ, ಈ ಕ್ವಿಜ್ ವೆಬ್‌ಸೈಟ್ ಫ್ರೀ ಅಂದ್ಯಲ್ಲ, ಕೊನೇಲಿ ದುಡ್ಡು ಕೇಳಲ್ಲ ತಾನೆ?"

"ಪೂರ್ತಿ ಫ್ರೀ ಕಣೋ. ಹೆಸರು ಹಾಕಿ ಒಳಗೆ ಬಾ, ಸಾಕು."

ಅವನು ನಕ್ಕ. ನಕ್ಕರೆ ಅವನ ಕನ್ನಡಕ ಮೂಗಿನಿಂದ ಜಾರುತ್ತದೆ. ಅದನ್ನು ಮೇಲೇರಿಸುವ ಬೆರಳನ್ನು ನೋಡುತ್ತಲೇ ನನ್ನ ಬಿ.ಎಡ್. ಒಂದು ವರ್ಷ ಕಳೆದಿತ್ತು.

ನಾಳೆ ನಾವಿಬ್ಬರೂ ಸೇರಿ ಆರನೇ ಕ್ಲಾಸಿಗೆ ಗಿಡಗಳ ಪಾಠ ಮಾಡಬೇಕು. ಕೊನೆಗೆ ಹತ್ತು ಪ್ರಶ್ನೆಗಳ ಕ್ವಿಜ್. ಈಗ ಖಾಲಿ ಕ್ಲಾಸ್‌ರೂಮಿನಲ್ಲಿ ಟ್ರಯಲ್: ಪ್ರಶ್ನೆ ನನ್ನ ಲ್ಯಾಪ್‌ಟಾಪಿನಲ್ಲಿ, ಉತ್ತರ ಅವನ ಫೋನಿನಲ್ಲಿ. ಒಂಬತ್ತು ಪ್ರಶ್ನೆ ಗಿಡದ್ದು. ಹತ್ತನೆಯದು ಅವನೊಬ್ಬನಿಗೇ. ಅವನು ಉತ್ತರ ಒತ್ತಿದ ಕೂಡಲೇ ನಾನು ಹೊರಗೆ ಓಡಿಬಿಡುವುದೆಂದು ಪ್ಲಾನ್.

ಆದರೆ ಪ್ರಶ್ನೆಗಳನ್ನು ಹಿಂದೆಮುಂದೆ ಮಾಡುವ ಬಟನ್ ಆಫ್ ಮಾಡಲು ಮರೆತಿದ್ದೆ. ಹತ್ತನೆಯದು ಮೂರನೆಯದಾಗಿ ಬಂದುಬಿಟ್ಟಿತು.

'ಈ ಕ್ವಿಜ್ ಮಾಡಿದವಳ ಮನಸ್ಸಲ್ಲಿ ಏನಿದೆ? ರಜೆ, ನಿದ್ದೆ, ಐಸ್‌ಕ್ರೀಮ್, ಸೈಂಟಿಸ್ಟ್.'

ಸೈಂಟಿಸ್ಟ್ ಎಂದರೆ ಅವನೇ. ನಾನಿಟ್ಟ ಹೆಸರು, ನನಗೆ ಅವನು 'ವಟವಟ' ಎಂದಿಟ್ಟ ಹಾಗೆ.

ಅವನ ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ಇಪ್ಪತ್ತು ಸೆಕೆಂಡ್. ಹತ್ತು. ಐದು. ಒಂದು.

ಒತ್ತಲೇ ಇಲ್ಲ. ಸರಿಯುತ್ತರ ತಾನಾಗಿಯೇ ಹಸಿರಾಗಿ ಹೊಳೆಯಿತು, ನಾಚಿಕೆಯಿಲ್ಲದೆ.

ಇನ್ನೂ ಏಳು ಪ್ರಶ್ನೆ ಬಾಕಿ. ಕಾಂಡ, ಹೂವು, ಬೀಜ... ಎಲ್ಲಕ್ಕೂ ಎರಡೇ ಸೆಕೆಂಡಿನಲ್ಲಿ ಒತ್ತಿದ, ಎಲ್ಲವೂ ಸರಿ. ನೆಟ್ ಹೋಗಿತ್ತೇನೋ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಲೂ ಜಾಗ ಬಿಡಲಿಲ್ಲ.

"ಮೂರನೇದಕ್ಕೆ ಉತ್ತರ ಗೊತ್ತಿರ್ಲಿಲ್ವೇನೋ?"

"ಗೊತ್ತಿತ್ತು ಕಣೇ. ಯಾವತ್ತಿಂದಾನೋ ಗೊತ್ತಿತ್ತು."

"ಮತ್ತೆ?"

"ಒತ್ತಿದ್ರೆ ನೀನು ಆಸೆ ಇಟ್ಕೋತಿದ್ದೆ. ನಂಗೆ... ನಿನ್ ಮೇಲೆ ಹಾಗೆ ಅನ್ಸಲ್ಲ. ಅನ್ನಿಸ್ಲಿ ಅಂತ ನಾನೂ ಕಾದು ನೋಡ್ದೆ. ಆಗ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ಮೆತ್ತಗೆ ಹೇಳಿದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ಕ್ವಿಜ್‌ನಿಂದ ಆ ಮೂರನೇ ಪ್ರಶ್ನೆಯನ್ನು ಅಳಿಸಿದೆ.

"ಹತ್ತು ಇರ್ಲೇಬೇಕು ಅಂದಿದಾರೆ ಮೇಡಂ," ಎಂದ, ತಲೆ ತಗ್ಗಿಸಿಕೊಂಡೇ. "ಬೇರಿನ ಕೆಲ್ಸ ಏನು ಅಂತ ಕೇಳೋಣ್ವಾ?"

"ಹೂಂ."

ಟೈಪ್ ಮಾಡಿದೆ. ನಾಲ್ಕು ಆಯ್ಕೆಗಳನ್ನೂ ಬರೆದೆ. ಸರಿಯುತ್ತರ ಗುರುತಿಸುವಷ್ಟರಲ್ಲಿ ಪರದೆಯೆಲ್ಲ ಮಂಜಾಯಿತು. ಅವನೇ ಬಾಗಿ, ನನ್ನ ಕೈಗೆ ತಾಗದ ಹಾಗೆ ಮೌಸ್ ಎಳೆದುಕೊಂಡು, ಗುರುತು ಹಾಕಿದ.